ಬದನೆ ಸಸಿಗೆ ಎರಡು ಗೇಣು

ಬದನೆಯ ಸಸಿಯಿಂದ ಸಸಿಗೆ ಎರಡು ಗೇಣು ಬಿಡಬೇಕು ಎಂಬುದನ್ನು ಮರವಂತೆಯಲ್ಲಿ ಎಲ್ಲರೂ ಒಪ್ಪುತ್ತಿದ್ದರು. ಯಾರ ಕೈಯ ಗೇಣು ಎಂಬುದನ್ನು ಮಾತ್ರ ಕುಷ್ಟನಿಗೆ ಯಾರೂ ಹೇಳಿರಲಿಲ್ಲ.

ಯುದ್ಧದ ಬಾಂಬು ಮುಂಬಯಿಗೂ ಬೀಳುತ್ತದಂತೆ ಎಂಬ ಸುದ್ದಿಗೆ ಹೆದರಿ, ಹೋಟೆಲಿನ ಕೆಲಸ ಬಿಟ್ಟು ಊರಿಗೆ ಓಡಿಬಂದವನು ಅವನು. ದೋಸೆ ಹೊಯ್ಯುವುದು ಬಿಟ್ಟರೆ ಬೇರೆ ಕಸುಬು ತಿಳಿಯದು. ಹೊಸ ಹೆಂಡತಿ ವನಜ ಹಬ್ಬಕ್ಕೆಂದು ಗುಲ್ವಾಡಿಯ ತವರಿಗೆ ಹೋದವಳು ಅಲ್ಲೇ ಉಳಿದಿದ್ದಳು. ಅವಳ ಅಪ್ಪ ಬಚ್ಚ ಕಳಿಸಲು ಒಪ್ಪಿರಲಿಲ್ಲ.

"ಅಕ್ಕಿ ಸಿಕ್ಕದ ಈ ಕಾಲ್ದಲ್ಲಿ, ಒಂದ್ ಪಾತಿ ಬದ್ನಿ ನೆಡುಕ್ ಬಾರ್ದಿದ್ದವ್ನ ಮನಿಗೆ ಮಗಳನ್ನ ಹ್ಯಾಂಗ್ ಕಳ್ಸೂದ್? ನೆಟ್ಟ್ ತೋರ್ಸ್ಲಿ, ನಾನೇ ಬಂದ್ ಕಾಂತೆ" ಎಂದು ಹೇಳಿಕಳಿಸಿದ್ದ. ಇವತ್ತು ಸಂಜೆಯೇ ಮಗಳೊಡನೆ ಬರುವವನಿದ್ದ. ಪಾತಿ ಸರಿಯಿದ್ದರೆ ವನಜ ಉಳಿಯುತ್ತಾಳೆ, ಇಲ್ಲದಿದ್ದರೆ ಅದೇ ಗಾಡಿಯಲ್ಲಿ ವಾಪಸ್ಸು.

ನೆರೆಮನೆಯ ಜಲಜಕ್ಕ ಬೆಳಿಗ್ಗೆಯೇ ಬಂದು, ತನ್ನ ಪುಟ್ಟ ಕೈಯಲ್ಲಿ ಪಾತಿಯನ್ನು ಅಳೆದು, ಲೆಕ್ಕ ಹಾಕಿ ಬುಟ್ಟಿ ತುಂಬ ಸಸಿ ಕೊಟ್ಟಳು. ಕುಷ್ಟ ಸೊಂಟ ಮುರಿಯುವಂತೆ ಬಗ್ಗಿ ಎಲ್ಲವನ್ನೂ ನೆಟ್ಟ. ಅಷ್ಟರಲ್ಲಿ ದೋಣಿ ನಡೆಸುವ ಸೂರ ಬೇಲಿಯಾಚೆ ನಿಂತ.

"ಹ್ವಾಯ್ ಕುಷ್ಟ, ಎಂತ ಮಾರಾಯಾ ಇದ್? ಹೋಟ್ಲ್ ಬೆಂಚಲ್ಲಿ ಗಿರಾಕಿ ಕೂರ್ಸ್ದಂಗ್ ಕೂರ್ಸಿದ್ಯಲ್ಲ! ಎರಡ್ ಗೇಣ್ ಎಲ್ಲಿತ್ತ್?"

ಹುಟ್ಟು ಹಾಕಿ ಹಾಕಿ ಹಲಗೆಯಂತಾದ ಕೈಯನ್ನು ಸೂರ ಮಣ್ಣಿನ ಮೇಲೆ ಚಾಚಿದ. ಅವನ ಎರಡು ಗೇಣು ಜಲಜಕ್ಕನ ಮೂರು ಗೇಣಿಗೆ ಸಮವಾಗಿತ್ತು. ಕುಷ್ಟ ಎಲ್ಲ ಕಿತ್ತು ಸೂರನ ಗೇಣಿಗೆ ಹೊಸದಾಗಿ ನೆಟ್ಟ. ರಾಶಿ ಸಸಿ ಉಳಿಯಿತು. ಅದನ್ನು ಹಿಂದಿರುಗಿಸಲು ಹೋದರೆ ಜಲಜಕ್ಕ ಕೆಂಡವಾದಳು.

"ನನ್ ಲೆಕ್ಕ ತಪ್ಪಾ? ನನ್ ಗೇಣಲ್ಲಿ ನೆಟ್ಟ್ ಬದ್ನಿಯೇ ಊರೆಲ್ಲ ತಿಂಬುದ್!" ಎನ್ನುತ್ತ ಬಂದವಳು ಸಾಲು ನೋಡಿ, "ಇದೆಂತ, ನಡುವಲ್ಲಿ ದನ ಮಲ್ಗುಕಾ?" ಎಂದಳು.

ಕುಷ್ಟ ಮತ್ತೆ ಕಿತ್ತ. ಬಿಸಿಲು ನೆತ್ತಿಗೇರಿತ್ತು, ಸಸಿಗಳು ಜೋತುಬಿದ್ದಿದ್ದವು. ವನಜಳಿಲ್ಲದೆ, ತಾಯಿಯ ಎದುರು ಕೂತು ಗಂಜಿ ಕುಡಿಯುವ ದಿನಗಳನ್ನು ನೆನೆದು ಅವನಿಗೆ ಅಳುವೇ ಬಂತು.

ಆಗ ಥಟ್ಟನೆ ಹೊಳೆಯಿತು. ಅಳೆಯುವುದು ಮಾವನ ಗೇಣಲ್ಲವೇ! ಹಬ್ಬದ ದಿನ ಗುಲ್ವಾಡಿಯಲ್ಲಿ ಎಣ್ಣೆ ಹಚ್ಚುತ್ತ ಮಾವ ಬೆನ್ನಿಗೆ ಬಾರಿಸಿದ್ದ ಪ್ರೀತಿಯ ಏಟು ಇನ್ನೂ ಮರೆತಿರಲಿಲ್ಲ. ಆ ಏಟಿನ ಉದ್ದಗಲ ನೆನಪಿಸಿಕೊಂಡು, ಅದರಿಂದ ಮಾವನ ಗೇಣನ್ನು ಅಂದಾಜು ಮಾಡಿ, ಎರಡು ಗೇಣುದ್ದಕ್ಕೆ ಒಂದು ಕಡ್ಡಿ ಮುರಿದು, ಮೂರನೆಯ ಸಲ ನೆಟ್ಟ. ಉಳಿದ ಸಸಿಗಳನ್ನು ಬಾಳೆಯ ಬುಡದಲ್ಲಿ ಹೂತು ಮರೆಮಾಡಿದ.

ಗಾಡಿ ಬಂತು. ಟ್ರಂಕು ಹಿಡಿದು ವನಜ ಇಳಿದಳು. ಬಚ್ಚ ನೇರ ಪಾತಿಯ ಬಳಿ ಹೋಗಿ ಕುಕ್ಕರಗಾಲಲ್ಲಿ ಕುಳಿತು, ಗೇಣು ಹಾಕುತ್ತ ಆ ತುದಿಯವರೆಗೂ ಹೋದ. ಒಂದು ಸಸಿಯೂ ಆಚೀಚೆ ಇರಲಿಲ್ಲ.

"ಭಲೇ ಅಳಿಯಾ! ನನ್ ಗಂಡ್ ಮಕ್ಳಿಗೂ ಹೀಂಗ್ ನೆಡುಕ್ ಬತ್ತಿಲ್ಲೆ. ವನಜಾ, ಟ್ರಂಕ್ ಒಳ್ಗಿಡ್. ನೀ ಇನ್ನ್ ಇಲ್ಲೇ."

ವನಜ ಸೆರಗಿನ ಮರೆಯಲ್ಲಿ ನಕ್ಕಳು. ಕುಷ್ಟನಿಗೆ ಕುಣಿಯಬೇಕೆನಿಸಿತು.

"ನೀ ಗಾಡಿ ಹತ್ತ್, ಅಳಿಯಾ" ಎಂದು ಬಚ್ಚ ಅವನ ರಟ್ಟೆ ಹಿಡಿದ. "ಹೊಳಿಬದಿ ಗದ್ದಿ ಪೂರಾ ಬದ್ನಿ ನೆಡುಕಿತ್ತ್, ಆಳ್ ಸಿಕ್ಕುದಿಲ್ಲೆ. ಈ ಪಾತಿಗ್ ನೀರ್ ಹಾಕುಕೆ ವನಜ ಇದ್ಲಲೆ. ಕಾಯಿ ಕೊಯ್ದಾದ್ ಮೇಲೆ ನೀ ಬಪ್ಪುಕೆ ಅಡ್ಡಿಲ್ಲೆ."

"ಮಾವಾ, ನಾಳಿ ಬತ್ತೆ..."

"ನಾಳಿಗೆ ಸಸಿ ಬಾಡತ್ತ್. ಹತ್ತ್, ಹತ್ತ್!"

ಗಾಡಿ ತಿರುವು ದಾಟುವ ತನಕ ಕುಷ್ಟ ಕತ್ತು ತಿರುಗಿಸಿ ನೋಡುತ್ತಲೇ ಇದ್ದ. ವನಜ ಕೊಡಪಾನ ಹಿಡಿದು ಪಾತಿಗೆ ನೀರು ಹಾಕುತ್ತಿದ್ದಳು. ಮಾವ ದಾರಿಯುದ್ದಕ್ಕೂ ಅಳಿಯನನ್ನು ಹೊಗಳುತ್ತಿದ್ದ.