ಐದೂವರೆ ತಾಸಿನ ಕೋಳಿ

ಈ ಪ್ರಸಂಗದ ಕೆಲವು ವಿವರಗಳು ನನ್ನ ನೆನಪಿನಲ್ಲಿ ಹಿಂದುಮುಂದಾಗಿರಬಹುದು. ನಾದಿನಿ ಸವಿತಾಳ ಕುಬಸದ, ಅಂದರೆ ಸೀಮಂತದ, ಸೀರೆ ಹಸಿರು ಎಂಬುದು ಖಚಿತ. ಅಂಚಿಗೆ ನವಿಲು ಬೇಕೆಂದವಳು ಅವಳೋ ನಾನೋ, ಅದು ಖಚಿತವಿಲ್ಲ. ಅವಳೇ ಎಂದುಕೊಂಡರೆ ನನಗೆ ಅನುಕೂಲ. ಆದ್ದರಿಂದಲೇ ಅನುಮಾನ!

ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು. ದಾಖಲೆ ಇಲ್ಲದ ಮಾತನ್ನು ನಂಬಬಾರದೆಂದು ಎರಡು ವರ್ಷ ಕಲಿತಿದ್ದೇನೆ. ಬನಹಟ್ಟಿಯ ಮಗ್ಗದ ಮನೆಗೆ ಸೊಸೆಯಾಗಿ ಬಂದ ಮೇಲೆ ಕಂಪ್ಯೂಟರಿನಲ್ಲಿ ಸೀರೆಯ ಡಿಸೈನ್ ಬಿಡಿಸುವುದನ್ನೂ ಕಲಿತೆ. ನಾನು ಬಿಡಿಸಿದ್ದನ್ನು ಪೆನ್‌ಡ್ರೈವಿಗೆ ಹಾಕಿ ಕೊಟ್ಟರೆ ನಮ್ಮ ಮನೆಯವರು ಮಗ್ಗಕ್ಕೆ ಹಚ್ಚುತ್ತಾರೆ. ಮಗ್ಗ ಒಂದು ಚುಕ್ಕೆಯನ್ನೂ ಬಿಡದೆ ನೇಯುತ್ತದೆ. ತಪ್ಪಿದ್ದರೆ ತಪ್ಪನ್ನೂ.

ನಮ್ಮ ಕಂಪ್ಯೂಟರ್ ಒಂದೇ, ಅದರೊಳಗೆ ಸಂಸಾರ ಎರಡು. ಮಗ್ಗದ ಸಾಫ್ಟ್‌ವೇರ್ ನಡೆಯುವುದು ವಿಂಡೋಸ್‌ನಲ್ಲಿ. ಚಿತ್ರ ಬಿಡಿಸಲು ಹಗುರ, ಮೇಲಾಗಿ ಪುಕ್ಕಟೆ ಎಂದು ಲಿನಕ್ಸನ್ನೂ ಹಾಕಿಕೊಂಡೆ. ಯಾರ ಸಹಾಯವೂ ಬೇಕಾಗಲಿಲ್ಲ! ಮುಂದಿನ ಅನಾಹುತಕ್ಕೂ ಬೇಕಾಗಲಿಲ್ಲ.

ಮರುದಿನ ವಿಂಡೋಸ್ ತೆರೆದರೆ ಗಡಿಯಾರ ಹಾಡುಹಗಲೇ ನಸುಕು ತೋರಿಸಿತು. ಸರಿಮಾಡಿದೆ. ಲಿನಕ್ಸ್‌ಗೆ ಹೋದರೆ ಅಲ್ಲಿ ಸಂಜೆ! ಅದನ್ನೂ ಸರಿಮಾಡಿದೆ. ವಿಂಡೋಸ್‌ನಲ್ಲಿ ಮತ್ತೆ ನಸುಕು. ಒಲೆಯ ಮೇಲೆ ಬೇಳೆ ಇಟ್ಟು ಓಡಿ ಬಂದು ನೋಡುತ್ತಿದ್ದೆ, ನೋಡಿ ಓಡಿ ಹೋಗಿ ಬೇಳೆ ತಿರುವುತ್ತಿದ್ದೆ. ಕುಳಿತಲ್ಲಿ ಕುಳಿತಿರಲು ಆಗುತ್ತಿರಲಿಲ್ಲ.

ಅತ್ತೆ ನೋಡುವಷ್ಟು ನೋಡಿ ಕೇಳಿದರು: "ಗ್ವಾಡಿ ಮ್ಯಾಲ ಗಡಿಯಾರ ಐತಿ, ಕೈಯಾಗ ಫೋನ್ ಐತಿ. ಇನ್ನ ಎಷ್ಟ ಟೈಮ್ ಬೇಕವಾ ನಿನಗ?"

ಕಂಪ್ಯೂಟರಿನ ಒಳಗಿನ ಗುಂಡಿಯಂಥ ಸೆಲ್ ಹೋಗಿರಬೇಕೆಂದು ಹೊಸದು ತಂದು ಹಾಕಿದೆ. ಪ್ರಯೋಜನವಾಗಲಿಲ್ಲ. ಹಳೆಯ ಸೆಲ್ಲನ್ನು ಅತ್ತೆ ಜರಿ ತೂಗುವ ಪುಟ್ಟ ಕಾಟಾಕ್ಕೆ ಹಾಕಿದರು. ಅದು ಇಂದಿಗೂ ಚೆನ್ನಾಗಿ ತೂಗುತ್ತಿದೆ. ಆಮೇಲೆ ಇಂಟರ್ನೆಟ್ಟಿನಿಂದ ಸಮಯ ತರಿಸಿಕೊಳ್ಳುವುದನ್ನು ಎರಡೂ ಕಡೆ ಬಂದ್ ಮಾಡಿದೆ. ಮನೆಯ ಜಗಳದಲ್ಲಿ ಹೊರಗಿನವರೇಕೆ? ಕೊನೆಗೆ ವಿಂಡೋಸ್‌ನಲ್ಲಿ ಸರಿಯಾದ ಸಮಯ ಇಟ್ಟು, ಲಿನಕ್ಸ್‌ನಲ್ಲಿ ಗಡಿಯಾರ ನೋಡುವುದನ್ನೇ ಬಿಟ್ಟೆ. ಸಮಸ್ಯೆ ಬಗೆಹರಿದಿದೆ ಎಂದು ಮನೆಯಲ್ಲಿ ಘೋಷಿಸಿದೆ!

ಕುಬಸ ಹತ್ತಿರ ಬಂತು. ಮುಧೋಳದ ಬೀಗರ ಮನೆಗೆ ತವರಿನ ಸೀರೆ ನಮ್ಮ ಮಗ್ಗದ್ದೇ ಹೋಗಬೇಕು ಎಂಬುದು ಅತ್ತೆಯ ಆಸೆ. ಬೆಳಿಗ್ಗೆ ಲಿನಕ್ಸ್‌ನಲ್ಲಿ ನವಿಲು ಬಿಡಿಸಿದೆ. ಅತ್ತೆ ಬಗ್ಗಿ ನೋಡಿ, "ಇದ್ಯಾಕೋ ಕೋಳಿ ಕಂಡಂಗ ಕಾಣತೈತಿ" ಎಂದರು. ಊಟವಾದ ಮೇಲೆ ವಿಂಡೋಸ್‌ನಲ್ಲಿ ತಲೆಗೆ ತುರಾಯಿ ಇಟ್ಟು, ಬಾಲ ಉದ್ದ ಮಾಡಿ, ಬೇರೆ ಹೆಸರಿನಲ್ಲಿ ಉಳಿಸಿದೆ.

ಸಂಜೆ ನಮ್ಮ ಮನೆಯವರು ಪೆನ್‌ಡ್ರೈವ್ ಹಿಡಿದು ನಿಂತರು. ಫೋಲ್ಡರಿನಲ್ಲಿ ಎರಡು ಫೈಲುಗಳಿದ್ದವು: "ನವಿಲು ಪಕ್ಕಾ" ಮತ್ತು "ನವಿಲು ಖರೆ". ಯಾವುದು ಆಮೇಲಿನದು? ನನಗೆ ನೆನಪಿಲ್ಲ.

"ಯಾವ್ದ ಹಚ್ಚಲಿ? ಕರೆಂಟ್ ಹೋಗೂದರೊಳಗ ಹೇಳ!"

"ತಡೀರಿ, ಟೈಮ್ ನೋಡ್ತೇನಿ."

ಪಕ್ಕಾ ಫೈಲಿನ ಮುಂದೆ ಇಳಿಹೊತ್ತು, ಖರೆ ಫೈಲಿನ ಮುಂದೆ ಮಧ್ಯಾಹ್ನ. ಅಂದರೆ ಪಕ್ಕಾ ಹೊಸದು!

"ಅಲ್ಲಬೇ," ಎಂದರು ಅತ್ತೆ. "ಊಟಾದಮ್ಯಾಗ ಮಾಡಿದ್ದು ಖರೆ. 'ಖರೆ ಅಂತ ಬರೀಲ್ರಿ ಅತ್ತಿ?' ಅಂತ ನನ್ನ ಕೇಳಿದಿ. ನಾ ಎಲಿ ಅಡಿಕಿ ಹಾಕ್ಕೊಂಡ ಇಲ್ಲೇ ಕುಂತಿದ್ದೆ."

ಇದು ಮೌಖಿಕ ಇತಿಹಾಸ ಎಂದು ನಾನು ಮುಗುಳ್ನಕ್ಕೆ. "ಅತ್ತಿ, ಮನಷ್ಯಾರ ನೆನಪು ಮೋಸಾ ಮಾಡತೈತ್ರಿ. ಮಷಿನ್ ಮಾಡೂದಿಲ್ಲ."

"ಒಮ್ಮಿ ತೆಗದರ ನೋಡಬಾರದನ?" ಎಂದರು ಇವರು.

ದಾಖಲೆ ಕಣ್ಣೆದುರಿಗಿರುವಾಗ ತೆರೆದು ನೋಡುವುದೇ? ಅದು ದಾಖಲೆಗೆ ಅವಮಾನ! ಪಕ್ಕಾ ಫೈಲನ್ನೇ ಕೊಟ್ಟೆ.

ಮಗ್ಗದ ಮೇಲೆ ಸೀರೆಯ ಒಳಮೈ ಮೇಲಿರುತ್ತದೆ. ಬರೀ ಜರಿಯ ಎಳೆಗಳೇ ಕಾಣುವುದರಿಂದ ಯಾರಿಗೂ ಏನೂ ಗೊತ್ತಾಗಲಿಲ್ಲ. ಕುಬಸದ ಹಿಂದಿನ ದಿನ ಸೀರೆ ಇಳಿಸಿ, ಹೊರಳಿಸಿ ಹಾಸಿದೆವು. ಅಂಚಿನ ಉದ್ದಕ್ಕೂ ದುಂಡು ಹೊಟ್ಟೆ, ಮೋಟು ಬಾಲ, ಬೋಳು ತಲೆ. ಸಾಲಾಗಿ, ಶಿಸ್ತಾಗಿ, ಕೋಳಿಗಳು!

ಅತ್ತೆ ಅಲ್ಲಿಯೇ ಕುಳಿತುಬಿಟ್ಟರು. "ನಮ್ಮ ಮನ್ಯಾಗ ತತ್ತಿ ಸುದ್ದಾ ಒಳಗ ಬರೂದಿಲ್ಲ. ನೀ ಕೋಳಿ ಓಣಿನ ತಂದಿಯಲ್ಲವಾ!"

ಇನ್ನೊಂದು ನೇಯಲು ಸಮಯವಿಲ್ಲ. ನನಗೆ ಕಂಪ್ಯೂಟರಿನ ಮುಂದೆ ಕೂರದೆ ಗತಿಯಿರಲಿಲ್ಲ. ಹುಡುಕಿದಾಗ ತಿಳಿಯಿತು: ಯಂತ್ರದೊಳಗಿನ ಗಡಿಯಾರದ ಸಮಯವನ್ನು ವಿಂಡೋಸ್ ನಮ್ಮ ದೇಶದ ಸಮಯ ಎಂದೇ ಓದುತ್ತದೆ. ಲಿನಕ್ಸ್ ಅದನ್ನು ಗ್ರೀನಿಚ್ ಸಮಯ ಎಂದು ತಿಳಿದು, ನಮಗಾಗಿ ಐದೂವರೆ ತಾಸು ಕೂಡಿಸುತ್ತದೆ. ಹೀಗಾಗಿ ಬೆಳಗಿನ ಕೋಳಿ ಮಧ್ಯಾಹ್ನದ ನವಿಲಿಗಿಂತ ಕಿರಿಯದಾಗಿತ್ತು! ನಮ್ಮ ಸಮಯವನ್ನೇ ಓದು ಎಂದು ಲಿನಕ್ಸ್‌ಗೆ ಒಂದು ಸಾಲಿನ ಆಜ್ಞೆ ಕೊಟ್ಟರೆ ಸಾಕಿತ್ತು. ಕೊಟ್ಟೆ. ಆ ಸಾಲು ಬರೆಯಲು ಸೀರೆ ಮಡಚುವಷ್ಟು ಹೊತ್ತೂ ಹಿಡಿಯಲಿಲ್ಲ.

ಮುಧೋಳದಲ್ಲಿ ಸೀರೆ ಬಿಚ್ಚುತ್ತಿದ್ದಂತೆ ಸವಿತಾಳ ಗಂಡನ ಸೋದರತ್ತೆ ಅಂಚನ್ನು ಕಣ್ಣಿಗೆ ಹತ್ತಿರ ಹಿಡಿದರು. "ಇದೇನ್ರಿ ಬೀಗತಿ, ಯಾವ ಹಕ್ಕಿ?"

ನಾನು ಸವಿತಾಳ ಹಿಂದೆ ಸರಿದೆ. ಅತ್ತೆ ಮಾತ್ರ ಅಲುಗಾಡಲಿಲ್ಲ. "ಮರಿ ನವಿಲ್ರಿ. ಇನ್ನೂ ಪುಕ್ಕಾ ಬಂದಿಲ್ಲ. ಕುಬಸದ ಸೀರಿಗಿ ಮರೀನ ಛಲೋ ಅಂತ ನಮ್ಮ ಸೊಸಿ ಮುದ್ದಾಂ ಹಾಕ್ಯಾಳ."

"ಮರಿಗಿ ಇಷ್ಟ ದೊಡ್ಡ ಹೊಟ್ಟಿ?"

"ಅದರದೂ ಕುಬಸ ಐತ್ರಿ!"

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಸವಿತಾ ನಕ್ಕಳೇ? ನಕ್ಕಳೆಂದು ಅತ್ತೆ ಹೇಳುತ್ತಾರೆ. ನನ್ನ ನೆನಪಿನಲ್ಲಿ ಅವಳು ಸೀರೆಯನ್ನೇ ನೋಡುತ್ತಿದ್ದಳು. ಈ ಸಲ ಯಾರ ಬಳಿಯೂ ದಾಖಲೆಯಿಲ್ಲ.

ಮನೆಗೆ ಬಂದ ಮೇಲೆ ಅವಳಿಗೆ ವಾಟ್ಸಾಪ್‌ನಲ್ಲಿ ಕೇಳಿದೆ: "ಸವಿತಾ, ಆ ಸೀರಿ ಇನ್ನೊಮ್ಮಿ ಉಡ್ತೀಯಿಲ್ಲವಾ?"

ಓದಿದ್ದಾಳೆ, ನೀಲಿ ಗುರುತು ಬಂದಿದೆ. ಉತ್ತರ ಬಂದಿಲ್ಲ. ವಿಂಡೋಸ್‌ಗೆ ಹೋಗಿ ನೋಡುತ್ತೇನೆ, ಲಿನಕ್ಸ್‌ಗೆ ಹೋಗಿ ನೋಡುತ್ತೇನೆ. ಎಷ್ಟು ಹೊತ್ತಾಯಿತು ಎಂಬುದರಲ್ಲಿ ಈಗ ಎರಡಕ್ಕೂ ಭಿನ್ನಾಭಿಪ್ರಾಯವಿಲ್ಲ.