ನಮ್ಮ ಮನಿ ದೊಡ್ಡಾಕಿ ಕಲ್ಲು

ಕಲ್ಲಿನ ಪಾಠ ಹೇಳೋ ಮಾಸ್ತರನ್ನ ಕಟ್ಕೊಂಡ್ರ ಮನ್ಯಾಗ ಇಂಥಾವು ಒಂದಿಲ್ಲೊಂದು ನಡದ ನಡೀತಾವ. ನಮ್ಮ ಮನಿಯವರು ಕೊಪ್ಪಳದ ಕಾಲೇಜಿನ್ಯಾಗ ಭೂವಿಜ್ಞಾನ ಕಲಿಸ್ತಿದ್ರು. ಹೋದ ಬ್ಯಾಸಗ್ಯಾಗ ತೀರಿಕೊಂಡ್ರು. ಅವರ ಜೀವೆಲ್ಲ ಒಂದು ಕಲ್ಲಿನ ಮ್ಯಾಲಿತ್ತು. ಗೆಳೆಯರೊಬ್ರು ಆಫ್ರಿಕಾದ ನಮೀಬಿಯಾದಿಂದ ತಂದುಕೊಟ್ಟಿದ್ದು, ಹೆಸರು ಡೆಸ್ಕ್ಲೋಯಿಜೈಟ್. ನನಗಿಂತ ಮೊದಲ ಮನಿ ಸೇರಿದ ಸವತಿ ಅಂತ ನಾನದಕ್ಕ ‘ದೊಡ್ಡಾಕಿ’ ಅಂತಿದ್ದೆ.

ಬಸ್ಸಿನ್ಯಾಗ

ಲಗ್ನಾದ ಹೊಸತರಾಗ ಯಲಬುರ್ಗಾಕ್ಕ ನನ್ನ ತವರಿಗೆ ಹೊಂಟಿದ್ವಿ. ಕೈಚೀಲದಾಗ ದೊಡ್ಡಾಕಿನೂ ಇದ್ಲು. ಬಾಜೂಕ ಕುಂತ ಅಜ್ಜ ಅಂಗೈಯಾಗ ಇಟ್ಕೊಂಡು ತೂಗಿ, "ಇಷ್ಟ ಇದ್ದು ಇಷ್ಟು ವಜ್ಜಿ! ಬಂಗಾರ ಐತೇನ್ರಿ?" ಅಂದ.

"ಇಲ್ರಿ ಅಜ್ಜಾರ, ಸೀಸ, ಸತು, ವೆನೇಡಿಯಂ ಕೂಡೇತಿ. ಭಾಳ ಅಪರೂಪದ್ದು," ಅಂದ್ರು ಇವರು.

"ತಗೊಳ್ಳಾವ್ರು ಯಾರು?"

"ಯಾರೂ ಇಲ್ರಿ."

ಅಜ್ಜ ನನ್ನ ಕಡೆ ತಿರುಗಿ, "ತಂಗೀ, ಇದನ್ನ ಲಗ್ನಕ್ಕ ಮೊದಲ ನಿಮ್ಮವರಿಗೆ ಹೇಳಿದ್ರೋ ಇಲ್ಲೋ?" ಅಂದ.

ಹೆಣ್ಣು ನೋಡಾಕ

ಮಗಳನ್ನ ನೋಡಾಕ ಗಂಗಾವತಿಯಿಂದ ಬೀಗರು ಬಂದ್ರು. ನಾನು ಒಳಗ ಉಪ್ಪಿಟ್ಟು ತಿರುವ್ತಿದ್ದೆ. ಹೊರಗ ಇವರು ಟೈಲ್ಸಿನ ಹಿಂಬದಿಗೆ ಕಲ್ಲು ತಿಕ್ಕಿ, "ನೋಡಾಕ ಕರಿ, ಗೆರಿ ನೋಡ್ರಿ ಕಿತ್ತಳಿ!" ಅಂತ ಪಾಠ ಸುರು ಹಚ್ಚಿದ್ರು. ಪಾಠ ಮುಗಿಯೋದ್ರಾಗ ಅವರ ಬಸ್ಸಿನ ಟೈಮಾತು. ಎದ್ದು ಹೋಗೇಬಿಟ್ರು.

ಮರುದಿನ ಫೋನು ಬಂತು: "ಕಲ್ಲು ಛಲೋ ಐತ್ರಿ. ಇನ್ನ ಹುಡುಗೀನ್ನೂ ಒಂದ್ಸಲ ತೋರಸ್ರಲ್ಲ!"

ಹಂಗೂ ಹಿಂಗೂ ಸಂಬಂಧ ಕೂಡಿತು ಅನ್ರಿ.

ಹುಣಸೀ ಹುಳಿ

ಮಹಾನವಮಿಗೆ ನಮ್ಮ ಕಡೆ ಅವರವರ ದುಡಿಮಿ ಸಾಮಾನು ತೊಳದು ಪೂಜಿ ಮಾಡ್ತಾರ. ಇವರ ಸಾಮಾನು ಅಂದ್ರ ದೊಡ್ಡಾಕಿನ. ಹಿತ್ತಾಳಿ ತಂಬಿಗಿ ಜೋಡಿ ಅದಕ್ಕೂ ಹುಣಸೀ ಹುಳಿ ಹಚ್ಚಿ ಗಸಗಸ ತಿಕ್ಕಿದೆ. ಹೊಳಪೆಲ್ಲ ಹೋತು.

"ಅಯ್ಯಯ್ಯ, ಹುಳಿಗೆ ಕರಗತೈತಿ ಅದು!" ಅಂತ ಚೀರಿದ್ರು. ನನ್ನ ಎರಡೂ ಕೈ ಹಿಡದು ಬಚ್ಚಲಕ್ಕ ಎಳಕೊಂಡು ಹೋಗಿ ಸಾಬಾಣ ಹಚ್ಚಿ ತೊಳದ್ರು. ತಮ್ಮ ಕಲ್ಲಿನ ಹುಡಿ ಸುದ್ದಾ ನನ್ನ ಕೈಯಾಗ ಉಳೀಬಾರದು ಇವರಿಗೆ ಅಂತ ನನಗ ಸಿಟ್ಟು ಬಂತು.

"ತೊಳದ್ರ ಕೆಡೋದು ಅದೆಂಥಾ ಕಲ್ರೀ?" ಅಂದೆ.

ದವಾಖಾನ್ಯಾಗ

ಹೋದ ಬ್ಯಾಸಗ್ಯಾಗ ಎದಿ ಬ್ಯಾನಿ ಬಂದು ಮಲಗಿದ್ರೂ ಇವರದು ನರ್ಸಮ್ಮಗ ಪಾಠ ನಡದಿತ್ತು: "ವಜ್ಜಿ ಇದ್ರೂ ಗಟ್ಟಿ ಇಲ್ಲವ್ವ ಅದು, ಚಾಕೂಲೆ ಗೀರಬೋದು." ಇಷ್ಟು ವರ್ಷ ಬಾಳೇವು ಮಾಡೇನಿ, ನನಗಂತ ಒಂದು ಮಾತು ಉಳಿಸಿದಾರೋ ಇಲ್ಲೋ ಅಂತ ನನಗ ಒಳಗೊಳಗ ಅಳು.

ಕಡೀಗೆ ಕೈ ಮಾಡಿ ಕರದ್ರು. ನಾನು, ಮಗಳು, ಅಳಿಯ, ನರ್ಸಮ್ಮ ಎಲ್ಲಾರೂ ಬಗ್ಗಿದ್ವಿ.

"ದೊಡ್ಡಾಕಿಗೆ ಹುಣಸೀ ಹುಳಿ ಹಚ್ಚಬ್ಯಾಡ."

ನನಗ ನಗು ತಡೀಲಿಕ್ಕೆ ಆಗಲಿಲ್ಲ. ನರ್ಸಮ್ಮ ಗದರಿಸಿದ್ಲು. ಇವರು ಉಸಿರು ತಗೊಂಡು ಉಳದಿದ್ದು ಹೇಳಿದ್ರು: "ಕಲ್ಲು ಕೆಟ್ರ ಕೆಡ್ಲಿ ಬಿಡು. ಸೀಸದ ವಿಷ ನಿನ್ನ ಕೈಗೆ ಹತ್ತತೈತಿ."

ಈ ಮಹಾನವಮಿಗೆ ದೊಡ್ಡಾಕಿನ್ನ ಒಣ ಬಟ್ಟಿಲೆ ಒರಸಿ ಅವರ ಫೋಟೋದ ಮುಂದ ಇಟ್ಟೆ. ಆಮ್ಯಾಲೆ ಬಚ್ಚಲಕ್ಕ ಹೋಗಿ ಎರಡೂ ಕೈಗೆ ಸಾಬಾಣ ಹಚ್ಚಿಕೊಂಡು, ಒಬ್ಬಾಕಿನ ನಿಂತು ಅತ್ತೆ.