ಹೆಸರು ಹಾಕಿಸದ ಕುಕ್ಕರ್

ಆ ಬೆಳಿಗ್ಗೆ ಜೇವರ್ಗಿಯ ಟೇಲರ್ ಶಾಂತಲಿಂಗಪ್ಪ ಮಾಡಿದ ತಪ್ಪು ಒಂದೇ. ಹೆಂಡತಿ ಗೌರಾಬಾಯಿ ನೀರಿಗೆ ಹೋಗಿದ್ದಾಗ, ಎಷ್ಟು ಹೊತ್ತಾದರೂ ಸೀಟಿ ಹೊಡೆಯದ ಹೊಸ ಕುಕ್ಕರನ್ನು ವಿಚಾರಿಸಲು ಸ್ಟೋವಿನ ಹತ್ತಿರ ಹೋದ. ಕುಕ್ಕರ್ ಸೀಟಿ ಹೊಡೆಯಲಿಲ್ಲ, ಮುಚ್ಚಳವನ್ನೇ ಹಾರಿಸಿತು. ತೊಗರಿಬೇಳೆ ಅರ್ಧ ತಲೆಯ ಮೇಲಿನ ಮಾಳಿಗೆಗೆ ಹೋಯಿತು, ಅರ್ಧ ಅವನ ಬಲಗೈಗೆ ಬಂತು.

"ಯಪ್ಪಾ, ಸತ್ತೆ!" ಎಂಬ ಕೂಗಿಗೆ ಓಣಿಗೆ ಓಣಿಯೇ ಒಳಗೆ ನುಗ್ಗಿತು. ಪಕ್ಕದ ಮನೆಯ ಹುಸೇನಬೀ ಲೋಳಸರ ಮುರಿದುಕೊಂಡು ಓಡಿಬಂದಳು. ಅವಳ ಗಂಡ, ಬಳೆ ಮಾರುವ ಪೀರಸಾಬ, ಸೈಕಲ್ಲಿನ ಹಿಂದೆ ಕೂರಿಸಿಕೊಂಡು ದವಾಖಾನೆಗೆ ಒಯ್ದ. ಡಾಕ್ಟರು ಪಟ್ಟಿ ಕಟ್ಟಿ, ಒಂದು ತಿಂಗಳು ಕತ್ತರಿ ಮುಟ್ಟಬೇಡ ಎಂದರು. ಹೊರಗೆ ಮದುವೆ ಹಂಗಾಮು, ಮನೆಯಲ್ಲಿ ಹೊಲಿಯದ ಜಂಪರುಗಳ ಗಂಟು. ಆ ಕೈ ನಡೆಯದಿದ್ದರೆ ಸಂಸಾರ ನಡೆಯುವಂತಿರಲಿಲ್ಲ.

ಮರಳಿ ಬರುವಷ್ಟರಲ್ಲಿ ಎದುರು ಮನೆಯ ನಾಗಣ್ಣ ವಕೀಲರು ಪೆನ್ನು ತೆಗೆದು ಕೂತಿದ್ದರು.

"ಹೆದರಬ್ಯಾಡೋ ಶಾಂತಲಿಂಗಪ್ಪ. ಈಗ ಗ್ರಾಹಕರ ಕಾಯ್ದೆ ಬಂದದ. ಮಾಡಿದ ಕಂಪನಿ ಮ್ಯಾಲೂ, ಮಾರಿದವನ ಮ್ಯಾಲೂ ಕಲಬುರ್ಗಿಯಾಗ ಅರ್ಜಿ ಹಾಕೂಣು. ಸುಟ್ಟ ಕೈಗೂ ಪರಿಹಾರ ಕೇಳೂಣು, ನಿಂತ ಕೆಲಸಕ್ಕೂ ಕೇಳೂಣು. ನನಗ ಫೀಸು ಬ್ಯಾಡ. ಆದ್ರ ಕುಕ್ಕರ್ ಹೆಂಗ ಒಡದದೋ ಹಂಗಽ ಇರಬೇಕು. ಮಾಳಿಗಿ ಮ್ಯಾಲಿನ ಬ್ಯಾಳಿನೂ ಸಾಕ್ಷಿನಽ."

ಹಿಂದಿನ ಮನೆಯ ಮುದುಕಿ ಮಲ್ಕಮ್ಮ ಅಡುಗೆಮನೆಯಿಂದ ಕೈ ಒರೆಸುತ್ತಾ ಹೊರಬಂದಳು.

"ಮಾಳಿಗಿ ಒರಸೀನ್ರಿ. ಕುಕ್ಕರಿಗೆ ಬೂದಿ ಹಚ್ಚಿ ತಿಕ್ಕೀನಿ. ಮುಚ್ಚಳ ಸೊಟ್ಟ ಆಗಿತ್ತು, ಗುಂಡಕಲ್ಲಿಲೆ ಬಡದು ಸೀದಾ ಮಾಡೀನಿ. ಬ್ಯಾನಿ ಬಂದವರ ಮನ್ಯಾಗ ಹೊಲಸು ಇರಬಾರದಲ್ಲ?"

ವಕೀಲರು ತಲೆಯ ಮೇಲೆ ಕೈ ಹೊತ್ತರು. ಶಾಂತಲಿಂಗಪ್ಪನ ಕಣ್ಣು ಮಾತ್ರ ತುಂಬಿ ಬಂತು. ತನ್ನ ತಾಯಿ ಇದ್ದಿದ್ದರೂ ಇಷ್ಟು ತಿಕ್ಕುತ್ತಿರಲಿಲ್ಲ.

"ಇರಲಿ, ಡಾಕ್ಟರ ಚೀಟಿ ಅದ. ಇನ್ನ ಬಿಲ್ ಬೇಕು. ಕುಕ್ಕರ್ ಕೊಂಡಾಂವ ಯಾರು?"

"ನಮ್ಮ ವಾಸ್ತುಶಾಂತಿಗೆ ಜಗದೇವಪ್ಪ ಸಾವಕಾರ್ರು ಕೊಟ್ಟಿದ್ರಿ," ಎಂದಳು ಅಷ್ಟೊತ್ತಿಗೆ ನೀರು ತಂದಿಳಿಸಿದ್ದ ಗೌರಾಬಾಯಿ.

"ಅಡ್ಡಿಯಿಲ್ಲ. ಉಡುಗೊರಿ ಬಂದದ್ದು ಬಳಸಿದಾಂವನೂ ಗ್ರಾಹಕನಽ. ಬಿಲ್ ಒಂದು ಅವರ ಹತ್ರ ತರಸು."

ಬಟ್ಟೆ ಅಂಗಡಿಯ ಜಗದೇವಪ್ಪ ಆಗಷ್ಟೇ ಬಿಸ್ಕಿಟ್ ಪುಡಿಕೆ ಹಿಡಿದು ನೋಡಲು ಬಂದಿದ್ದರು. ಬಿಲ್ ಅಂದ ಕೂಡಲೇ ಬೆವತುಹೋದರು.

"ಅದು ನಾ ಕೊಂಡದ್ದಲ್ರಿ ವಕೀಲ್ರ. ನನ್ನ ಮಗಳ ಮದುವ್ಯಾಗ ಪೀರಸಾಬ ಕೊಟ್ಟಿದ್ದ. ಹೆಸರು ಹಾಕಿಸಿರಲಿಲ್ಲ, ಹಂಗಽ ಮುಂದ ಕೊಟ್ಟೆ."

ಇದು ಆ ಕಡೆ ಎಲ್ಲರಿಗೂ ಗೊತ್ತಿರುವ ಸಂಗತಿ. ಉಡುಗೊರೆ ಪಾತ್ರೆಯ ಮೇಲೆ ಕೊಟ್ಟವರ ಹೆಸರು ಕೊರೆಸಿದ್ದರೆ ಅದು ಮನೆಯಲ್ಲಿ ಉಳಿಯುತ್ತದೆ. ಕೊರೆಸದಿದ್ದರೆ ಡಬ್ಬಿ ಸಹ ಬಿಚ್ಚದೆ ಮದುವೆಯಿಂದ ಮದುವೆಗೆ ಪ್ರಯಾಣ ಹೊರಡುತ್ತದೆ.

ಎಲ್ಲರೂ ಪೀರಸಾಬನ ಮುಖ ನೋಡಿದರು. ಪೀರಸಾಬ ಗೌರಾಬಾಯಿಯ ಮುಖ ನೋಡಿದ.

"ಭಾಬಿ, ನಮ್ಮ ನಜಮುನ್ನಿಸಾನ ನಿಕಾಹಕ್ಕ ನೀವಽ ಕೊಟ್ಟಿದ್ದಲ್ರಿ?"

ಗೌರಾಬಾಯಿ ಗಂಡನ ಕಡೆ ತಿರುಗಿದಳು. "ಆಳಂದ ಬಸ್‌ಸ್ಟ್ಯಾಂಡಿನ್ಯಾಗ ಕೈಗಾಡಿಯವನ ಹತ್ರ ಅರ್ಧ ರೇಟಿಗೆ ತಂದಿದ್ರಲ್ಲ, ಅದಽ ಇದು! ಬಿಲ್ ಕೇಳ್ರಿ ಅಂದೆ, ಯಾಕ ಅಂದ್ರಿ. ಹೆಸರು ಹಾಕಸ್ರಿ ಅಂದೆ, ದಂಡ ಖರ್ಚು ಅಂದ್ರಿ."

ನಾಗಣ್ಣ ಪೆನ್ನಿಗೆ ಟೊಪ್ಪಿಗೆ ಹಾಕಿದರು. "ಕೈಗಾಡಿಯವನ್ನ ಎಲ್ಲಿ ಹುಡುಕೂದು? ಕಂಪನಿ ಹೆಸರೂ ಇಲ್ಲ ಅದರ ಮ್ಯಾಲ. ಬ್ಯಾರೆಯವರ ಮನ್ಯಾಗ ಒಡದಿದ್ರ, ತಂದಾಂವ ಯಾರು ಅಂತ ನಿನ್ನ ಬಾಗಲಿಗೇ ಬರ್ತಿದ್ರು."

ಶಾಂತಲಿಂಗಪ್ಪನಿಗೆ ಪೀರಸಾಬನ ಮಗಳು ನೆನಪಾದಳು. ಗೊಂಬೆಗೆಂದು ಬಟ್ಟೆ ಚೂರು ಕೇಳುತ್ತಾ ತನ್ನ ಮಷೀನಿನ ಬುಡದಲ್ಲೇ ಆಡಿ ಬೆಳೆದ ಹುಡುಗಿ ನಜಮುನ್ನಿಸಾ. ಅವಳು ಈ ಡಬ್ಬಿ ಬಿಚ್ಚಿದ್ದರೆ?

"ದೇವರು ದೊಡ್ಡಾಂವ," ಎಂದ. "ತಿರುಗಿ ತಿರುಗಿ ನನ್ನ ಕೈಗಽ ಬಂತಲ್ಲ. ಅಷ್ಟು ಸಾಕು ನನಗ."

ಹುಸೇನಬೀ ಸೆರಗಿನಿಂದ ಕಣ್ಣೊರೆಸಿಕೊಂಡು, ತಾನು ತಂದಿದ್ದ ರೊಟ್ಟಿ ಮುರಿದು ಅವನಿಗೆ ತುತ್ತು ಕೊಟ್ಟಳು. ಅಂಥ ರುಚಿಯ ರೊಟ್ಟಿಯನ್ನು ಅವನು ಹಿಂದೆಂದೂ ತಿಂದಿರಲಿಲ್ಲ.

ಅಷ್ಟರಲ್ಲಿ ಮಲ್ಕಮ್ಮ ಫಳಫಳ ಹೊಳೆಯುವ ಕುಕ್ಕರ್ ಎತ್ತಿ ತೋರಿಸಿದಳು. "ಹೊಸದರಂಗ ಕಾಣಾಕತ್ತದ ನೋಡ್ರಿ. ನಮ್ಮ ಅಳಿಯನ ತಂಗಿ ಮದುವಿ ಬಂತು..."

"ಬ್ಯಾಡಬೇ!" ಎಂದು ಶಾಂತಲಿಂಗಪ್ಪ ಚೀರಿದ. ಇನ್ನು ಅದು ಹೊಸ್ತಿಲು ದಾಟಕೂಡದು. ತನ್ನ ಹೆಸರನ್ನು ಈಗಲೇ ಕೊರೆದುಬಿಡಬೇಕು. ಪೀರಸಾಬ ತನ್ನ ಮನೆಯಿಂದ ಸುತ್ತಿಗೆ ತಂದು, ತಾನೇ ಮೊಳೆ ಹಿಡಿದ. ಶಾಂತಲಿಂಗಪ್ಪ ಎಡಗೈಯಿಂದ ಬಡಿದ. ಮೊದಲ ಅಕ್ಷರ ಚೆನ್ನಾಗಿಯೇ ಮೂಡಿತು. ಎರಡನೆಯದಕ್ಕೆ ಸುತ್ತಿಗೆ ಎತ್ತುವಾಗ ಹಿಡಿಯಷ್ಟೇ ಮೇಲೆ ಹೋಯಿತು. ಕಬ್ಬಿಣದ ತಲೆ ಕಳಚಿ, ಮಷೀನು ತುಳಿಯುವ ಅವನ ಕಾಲಿನ ಹೆಬ್ಬೆರಳ ಮೇಲೆ ಬಿತ್ತು.

ಮಲ್ಕಮ್ಮ ಅರಿಶಿನಕ್ಕೆ ಓಡಿದಳು. ನಾಗಣ್ಣ ಮತ್ತೆ ಪೆನ್ನಿನ ಟೊಪ್ಪಿಗೆ ತೆಗೆದರು.

"ಪೀರಸಾಬ, ಈ ಸುತ್ತಿಗಿ ನಿನಗ ಯಾರು ಕೊಟ್ಟಿದ್ದೋ?"

ಪೀರಸಾಬ ಮತ್ತೆ ಗೌರಾಬಾಯಿಯ ಮುಖ ನೋಡಿದ.